ಮೂವತ್ತು ಸೆಕೆಂಡಿನ ಅಳತೆಗೋಲು

ಏಟ್ರಿಯಲ್ ಫಿಬ್ರಿಲೇಶನ್‌ಗೆ (ಎಎಫ್) ಮಾಡುವ ಅಬ್ಲೇಶನ್ ಚಿಕಿತ್ಸೆಗೆ ನಮ್ಮ ಕೋಲಾರ ಚಿನ್ನದ ಗಣಿ (ಕೆಜಿಎಫ್) ಕಡೆ ಬಂದಿರುವ ಹೆಸರು ಅದರ ಯೋಗ್ಯತೆಯನ್ನು ಮೀರಿದ್ದು. ಕೋರಮಂಡಲ್, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ ಸ್ಟೇಷನ್ನುಗಳಲ್ಲಿ ಬೆಳಗಿನ ರೈಲು ಹತ್ತಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗಿಬರುವವರ ಬಾಯಲ್ಲಿ ಮಾತು ಹೀಗಿದೆ: ಎದೆಬಡಿತ ತಾಳ ತಪ್ಪಿದರೆ ತೊಡೆಯ ಸಂದಿನಿಂದ ವಯರು ಬಿಟ್ಟು ಒಳಗೆ ಸುಡುತ್ತಾರೆ, ಎರಡು ದಿನದಲ್ಲಿ ಮನೆಗೆ ಬರಬಹುದು, ಆಮೇಲೆ ಮಾತ್ರೆಯ ಗೊಡವೆಯಿಲ್ಲ. ಮೊದಲೆರಡು ಮಾತು ಬಹುಮಟ್ಟಿಗೆ ನಿಜ. ಮೂರನೆಯದು ಅಪಾಯಕಾರಿ. ಅದು ಹೀಗೆ ಹಬ್ಬಿದ್ದಕ್ಕೆ ಜನರನ್ನು ದೂರಲಾರೆ. ಈ ಚಿಕಿತ್ಸೆಯ ಯಶಸ್ಸನ್ನು ವೈದ್ಯಲೋಕ ಅಳೆಯುತ್ತಿರುವ ಕೋಲೇ ಸೊಟ್ಟಗಿದೆ.

ಎಎಫ್ ಎಂದರೆ ಹೃದಯದ ಮೇಲಿನ ಕೋಣೆಗಳು ಬಡಿಯುವುದನ್ನು ಬಿಟ್ಟು ನಡುಗತೊಡಗುವುದು; ಆಗ ಅಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು. ಶ್ವಾಸಕೋಶದಿಂದ ರಕ್ತ ತರುವ ಸಿರೆಗಳ ಬಾಯಲ್ಲೇ ಈ ಅಡ್ಡಬಡಿತದ ಕಿಡಿ ಹುಟ್ಟುತ್ತದೆ ಎಂದು ಫ್ರಾನ್ಸಿನ ಬೋರ್ಡೋ ನಗರದ ಮಿಶೆಲ್ ಹೈಸಗೇರ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಆ ಸಿರೆಗಳ ಸುತ್ತ ಕಲೆಯ ಬೇಲಿ ಕಟ್ಟಿ ಕಿಡಿ ದಾಟದಂತೆ ಮಾಡುವುದೇ ಅಬ್ಲೇಶನ್. ಶಾಖದಿಂದ ಕಟ್ಟುತ್ತಾರೆ, ಬಲೂನಿನೊಳಗಿನ ಚಳಿಯಿಂದ ಕಟ್ಟುತ್ತಾರೆ, ಈಗೀಗ ವಿದ್ಯುತ್ತಿನ ಕ್ಷಣಿಕ ಸ್ಪಂದನಗಳಿಂದಲೂ ಕಟ್ಟುತ್ತಾರೆ. ನಾನೂ ಅದನ್ನು ಮಾಡಿಸಿಕೊಂಡು ಉಪಕಾರ ಪಡೆದವನು. ಮೆಟ್ಟಿಲು ಹತ್ತುವಾಗ ಎದೆ ಹಿಡಿದು ನಿಲ್ಲುವ ಸ್ಥಿತಿ ಈಗ ಇಲ್ಲ. ಆದುದರಿಂದ ಆ ತಂತ್ರದ ಜಾಣ್ಮೆಯ ಬಗ್ಗೆ ತಕರಾರಿಲ್ಲ.

ತಕರಾರು ಇರುವುದು ಒಂದು ಗೆರೆಯ ಬಗ್ಗೆ. 2007ರಲ್ಲಿ ಅಮೆರಿಕ ಮತ್ತು ಯೂರೋಪಿನ ಹೃದಯಲಯ ತಜ್ಞರ ಸಂಘಗಳು ಕೂಡಿ ಹೊರಡಿಸಿದ ಒಮ್ಮತದ ದಾಖಲೆ ಒಂದು ನಿಯಮ ಮಾಡಿತು. ಅಬ್ಲೇಶನ್ ಆದ ಮೊದಲ ಮೂರು ತಿಂಗಳಿನ ಬಡಿತ ಲೆಕ್ಕಕ್ಕಿಲ್ಲ. ಆಮೇಲೆ 30 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹೊತ್ತಿನ ಎಎಫ್ ದಾಖಲಾದರೆ ಕಾಯಿಲೆ ಮರುಕಳಿಸಿತೆಂದೇ ಅರ್ಥ. 2024ರ ದಾಖಲೆ ಆರಂಭದ ವಿನಾಯಿತಿಯನ್ನು ಎಂಟು ವಾರಕ್ಕೆ ಇಳಿಸಿತು. 30 ಸೆಕೆಂಡು ಹಾಗೇ ಉಳಿಯಿತು. ಮೂವತ್ತೇ ಏಕೆ? ಇಪ್ಪತ್ತೊಂಬತ್ತನೆಯ ಸೆಕೆಂಡಿಗೆ ನಿಂತ ನಡುಕಕ್ಕೂ ಮೂವತ್ತೊಂದನೆಯದಕ್ಕೆ ನಿಂತದ್ದಕ್ಕೂ ರೋಗಿಯ ದೇಹದಲ್ಲಿ ಯಾವ ಭೇದವೂ ಇಲ್ಲ. ಹತ್ತಾರು ಆಸ್ಪತ್ರೆಗಳ ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಎಲ್ಲರೂ ಒಪ್ಪುವ ಒಂದು ಗೆರೆ ಬೇಕಾಗಿತ್ತು. ಸಂಶೋಧಕರ ಅನುಕೂಲಕ್ಕೆ ಎಳೆದ ಆ ಗೆರೆ ರೋಗಿಯ ಬದುಕಿನ ತೀರ್ಪಾಗಿಬಿಟ್ಟಿತು.

ಆ ತೀರ್ಪು ಎಷ್ಟು ಜೊಳ್ಳು ಎಂದು ತಿಳಿಯಲು ಕೆನಡಾದಲ್ಲಿ ಜೇಸನ್ ಆಂಡ್ರೇಡ್ ಮತ್ತಿತರರು ನಡೆಸಿ 2019ರಲ್ಲಿ ಪ್ರಕಟಿಸಿದ ಸರ್ಕಾ-ಡೋಸ್ ಪ್ರಯೋಗವನ್ನು ನಿಧಾನವಾಗಿ ಓದಬೇಕು. 346 ರೋಗಿಗಳು. ಎಲ್ಲರ ಎದೆಯ ಚರ್ಮದಡಿ ಹಗಲಿರುಳು ಬಡಿತ ಬರೆದಿಡುವ ಪುಟ್ಟ ಯಂತ್ರ. 30 ಸೆಕೆಂಡಿನ ಕೋಲಿನಿಂದ ಅಳೆದರೆ ಒಂದು ವರ್ಷದ ಕೊನೆಗೆ ಗೆದ್ದವರು ಅರ್ಧಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು. ಅದೇ ಜನ, ಅದೇ ಯಂತ್ರ, ಅದೇ ಅವಧಿ. ಆದರೆ ಒಟ್ಟು ಎಷ್ಟು ಹೊತ್ತು ಎಎಫ್‌ನಲ್ಲಿ ಕಳೆಯಿತು ಎಂದು ಅಳೆದರೆ ಆ ಹೊರೆ 98 ಶೇಕಡಕ್ಕೂ ಮಿಗಿಲಾಗಿ ಇಳಿದಿತ್ತು. ಒಂದು ಕೋಲು ಇದನ್ನು ಅರ್ಧ ಸೋಲು ಎನ್ನುತ್ತದೆ, ಇನ್ನೊಂದು ಭಾರಿ ಗೆಲುವು ಎನ್ನುತ್ತದೆ. ತಿಂಗಳಲ್ಲಿ ಹತ್ತು ದಿನ ನಡುಗುತ್ತಿದ್ದ ಹೃದಯ ಈಗ ವರ್ಷಕ್ಕೊಮ್ಮೆ ಒಂದು ನಿಮಿಷ ನಡುಗಿದರೆ ಆ ಮನುಷ್ಯನನ್ನು ಸೋತವರ ಪಟ್ಟಿಗೆ ಸೇರಿಸುವುದರಲ್ಲಿ ನ್ಯಾಯವಿಲ್ಲ.

ಇಷ್ಟನ್ನು ಹಲವು ತಜ್ಞರೂ ಬರೆದಿದ್ದಾರೆ. ಅವರು ನಿಲ್ಲಿಸಿದಲ್ಲಿಂದ ನನ್ನ ಮಾತು ಶುರುವಾಗುತ್ತದೆ, ಏಕೆಂದರೆ ಅದೇ ಕೋಲನ್ನು ಕೋರಮಂಡಲ್‌ಗೆ ತಂದರೆ ಅದು ತಿರುವುಮುರುವಾಗುತ್ತದೆ. ನಿಯಮ ಹೇಳುವುದು 30 ಸೆಕೆಂಡಿನ ಎಎಫ್ ದಾಖಲಾಗಬೇಕು ಎಂದು. ದಾಖಲಿಸುವವರು ಯಾರು? ಇಲ್ಲಿ ಯಾರ ಎದೆಯಲ್ಲೂ ಯಂತ್ರವಿಲ್ಲ. ಒಂದು ದಿನದ ಬಡಿತ ಬರೆದಿಡುವ ಹೋಲ್ಟರ್ ಯಂತ್ರ ಕಟ್ಟಿಸಿಕೊಳ್ಳಲು ಬೆಂಗಳೂರಿಗೆ ಹೋಗಿ ಮಾರನೆಯ ದಿನ ಅದನ್ನು ಮರಳಿಸಲು ಮತ್ತೆ ಹೋಗಬೇಕು. ಕೂಲಿ ಬಿಟ್ಟು ಎರಡು ದಿನ ಓಡಾಡಲು ಎಷ್ಟು ಮಂದಿಗೆ ಆದೀತು? ಮರುಭೇಟಿಯ ದಿನ ತೆಗೆದ ಹತ್ತು ಸೆಕೆಂಡಿನ ಇಸಿಜಿ ಸರಿಯಿದ್ದರೆ ಫೈಲಿನಲ್ಲಿ ಯಶಸ್ಸು ಎಂದು ಬೀಳುತ್ತದೆ. ಹತ್ತು ಸೆಕೆಂಡಿನ ಕಾಗದದಲ್ಲಿ ಮೂವತ್ತು ಸೆಕೆಂಡಿನ ಘಟನೆ ಹಿಡಿಸುವುದೇ ಇಲ್ಲ. ಕೆನಡಾದ ವ್ಯಾಂಕೂವರಿನಲ್ಲಿ ಅರ್ಧ ನಿಮಿಷದ ನಡುಕ ಸೋಲಾದರೆ, ಮಾರಿಕುಪ್ಪಂನಲ್ಲಿ ರಾತ್ರಿಯಿಡೀ ನಡೆದ ನಡುಕ ಯಾರೂ ನೋಡದ ಕಾರಣಕ್ಕೆ ಗೆಲುವಾಗುತ್ತದೆ. ಬಡ ಊರಿನಲ್ಲಿ ಯಶಸ್ಸಿನ ಪ್ರಮಾಣ ಏರುವುದಕ್ಕೆ ನೋಡುವವರಿಲ್ಲದಿರುವುದೇ ಕಾರಣವಾಗಬಹುದು.

ರೋಗಿಗೇ ಗೊತ್ತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅಬ್ಲೇಶನ್ ಆದ ಮೇಲೆ ಆ ಭರವಸೆಯೂ ತೆಳುವಾಗುತ್ತದೆ. 2013ರಲ್ಲಿ ಪ್ರಕಟವಾದ ಡಿಸರ್ನ್-ಎಎಫ್ ಅಧ್ಯಯನ 50 ರೋಗಿಗಳ ಚರ್ಮದಡಿ ಯಂತ್ರವಿಟ್ಟು ಅಬ್ಲೇಶನ್‌ಗೆ ಮುಂಚೆಯೂ ಆಮೇಲೂ ಹಿಂಬಾಲಿಸಿತು. ರೋಗಿಗೆ ಅರಿವಾದ ಒಂದೊಂದು ನಡುಕಕ್ಕೆ ಅರಿವಿಗೆ ಬಾರದ್ದು ಮುಂಚೆ ಸುಮಾರು ಒಂದೇ ಇತ್ತು. ಚಿಕಿತ್ಸೆಯ ನಂತರ ಅದು 3.7ಕ್ಕೆ ಏರಿತು. ಒಟ್ಟು ನಡುಕ ಕಡಿಮೆಯಾಯಿತು, ಉಳಿದದ್ದರಲ್ಲಿ ಹೆಚ್ಚಿನದು ಸದ್ದಿಲ್ಲದ್ದಾಯಿತು. ನನಗೀಗ ಆರಾಮು ಎಂಬ ಮಾತು ಸುಳ್ಳಲ್ಲ. ಆದರೆ ಆ ಮಾತನ್ನು ನಂಬಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ನಿಲ್ಲಿಸುವ ಹಾಗಿಲ್ಲ.

ಕೆಜಿಎಫ್‌ನವರಿಗೆ ಇದು ಬೇಗ ಅರ್ಥವಾಗಬೇಕು. ಚಾಂಪಿಯನ್ ರೀಫಿನ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆ ಸಿಡಿದರೆ ಮೇಲೆ ಮನೆಯ ಗೋಡೆ ಅದುರುತ್ತಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೂ, ಸುರಂಗಗಳಲ್ಲಿ ನೀರು ತುಂಬುತ್ತಾ ಹೋದಂತೆ, ನೆಲ ಅದುರುವುದು ನಿಲ್ಲಲಿಲ್ಲ. ಬಂಡೆಯ ಸ್ಥಿತಿ ತಿಳಿಯಲು ಒಂದು ಅದುರನ್ನು ಕೇಳಿದರೆ ಸಾಲದು. ಎಲ್ಲಿ, ಎಷ್ಟು ಸಲ, ಎಷ್ಟು ಬಲವಾಗಿ ಎಂಬ ದೀರ್ಘ ದಾಖಲೆ ಬೇಕು. ಕಂಪನಮಾಪಕಗಳ ಜಾಲವನ್ನು ಇಲ್ಲಿ ಹಾಸಿದ್ದೇ ಅದಕ್ಕಾಗಿ. ಸುಟ್ಟ ಹೃದಯಕ್ಕೂ ಬೇಕಾದದ್ದು ಅಂಥ ದಾಖಲೆಯೇ.

ಇನ್ನು, ಈ ಚಿಕಿತ್ಸೆಯನ್ನೇ ಪೊಳ್ಳೆನ್ನುವ ವಿಮರ್ಶಕರ ಮಾತು. ನನ್ನ ಆಕ್ಷೇಪಗಳನ್ನು ಕೇಳಿ ಅವರು ನನ್ನನ್ನು ತಮ್ಮ ಸಾಲಿಗೆ ಸೇರಿಸಿಕೊಳ್ಳುವುದು ಬೇಡ. ಅವರ ದೊಡ್ಡ ಆಯುಧ 2019ರ ಕಬಾನಾ ಪ್ರಯೋಗ. 2,204 ಜನರನ್ನು ಎರಡು ಪಾಲು ಮಾಡಿ ಒಂದಕ್ಕೆ ಅಬ್ಲೇಶನ್, ಇನ್ನೊಂದಕ್ಕೆ ಔಷಧ ಕೊಟ್ಟು ನೋಡಿದಾಗ ಸಾವು, ಗಂಭೀರ ಲಕ್ವ, ರಕ್ತಸ್ರಾವ, ಹೃದಯಸ್ತಂಭನ ಇವುಗಳ ಒಟ್ಟು ಲೆಕ್ಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇಷ್ಟನ್ನು ಹೇಳಿ ಅವರು ಸುಮ್ಮನಾಗುತ್ತಾರೆ. ಔಷಧದ ಪಾಲಿಗೆ ಬಿದ್ದವರಲ್ಲಿ ಕಾಲುಭಾಗಕ್ಕೂ ಹೆಚ್ಚು ಜನ ನಡುವೆಯೇ ಅಬ್ಲೇಶನ್ ಮಾಡಿಸಿಕೊಂಡರು ಎಂಬುದನ್ನು, ಅಬ್ಲೇಶನ್ ಪಾಲಿನವರ ದಿನನಿತ್ಯದ ಬದುಕು ಹೆಚ್ಚು ಸುಧಾರಿಸಿತು ಎಂಬುದನ್ನು ಹೇಳುವುದಿಲ್ಲ. ಸುಧಾರಣೆಯೆಲ್ಲ ಮನಸ್ಸಿನ ಸಮಾಧಾನ ಎಂಬ ವಾದಕ್ಕೆ 2024ರಲ್ಲಿ ಬ್ರಿಟನ್ನಿನ ಶ್ಯಾಮ್-ಪಿವಿಐ ಪ್ರಯೋಗ ಉತ್ತರ ಕೊಟ್ಟಿತು. 126 ಜನರಲ್ಲಿ ಒಂದು ಪಾಲಿಗೆ ನಿಜವಾದ ಅಬ್ಲೇಶನ್, ಇನ್ನೊಂದಕ್ಕೆ ಬರೀ ಅದರ ತೋರಿಕೆ. ಆರು ತಿಂಗಳಲ್ಲಿ ಎಎಫ್ ಹೊರೆ ಮೊದಲನೆಯವರಲ್ಲಿ 60 ಶೇಕಡ ಇಳಿಯಿತು, ಎರಡನೆಯವರಲ್ಲಿ 35. ಯಂತ್ರ ಬರೆದ ಲೆಕ್ಕಕ್ಕೆ ಮನಸ್ಸಿನ ಹಂಗಿಲ್ಲ. ಆ 35ನ್ನೂ ಮರೆಯಬಾರದು ಎನ್ನುವುದು ಅಬ್ಲೇಶನ್ ಭಕ್ತರಿಗೆ ನನ್ನ ಮಾತು. ಏನನ್ನೂ ಸುಡದೆಯೇ ಅಷ್ಟು ಇಳಿಯುತ್ತದೆಂದಾದರೆ ಕಾಯಿಲೆಯ ಸಹಜ ಏರಿಳಿತವೆಷ್ಟು, ಚಿಕಿತ್ಸೆಯ ಪಾಲೆಷ್ಟು ಎಂಬುದನ್ನು ವಿನಯದಿಂದ ಲೆಕ್ಕ ಹಾಕಬೇಕಾಗುತ್ತದೆ.

ಮತ್ತೊಂದು ಗುಂಪು ಹಿರಿಯ ವೈದ್ಯರದು. 2002ರ ಅಫರ್ಮ್ ಪ್ರಯೋಗವನ್ನು ಮುಂದಿಟ್ಟು, ಬಡಿತದ ವೇಗ ಹಿಡಿತದಲ್ಲಿದ್ದರೆ ಸಾಕು, ತಾಳ ಸರಿಪಡಿಸುವ ಹುಚ್ಚೇಕೆ ಎನ್ನುತ್ತಾರೆ. ಅಫರ್ಮ್ ನೋಡಿದ್ದು ಹಳೆಯ ಔಷಧಗಳನ್ನು ನುಂಗುತ್ತಿದ್ದ, ಸರಾಸರಿ ಎಪ್ಪತ್ತರ ಆಸುಪಾಸಿನವರನ್ನು. 2020ರ ಈಸ್ಟ್-ಎಎಫ್‌ನೆಟ್ 4, ಕಾಯಿಲೆ ಕಂಡ ಒಂದು ವರ್ಷದೊಳಗೆ ತಾಳ ಸರಿಪಡಿಸಿದರೆ ಲಕ್ವ, ಹೃದಯಸಂಬಂಧಿ ಸಾವು ಮೊದಲಾದವುಗಳ ಒಟ್ಟು ಲೆಕ್ಕ ಇಳಿಯುತ್ತದೆ ಎಂದು ತೋರಿಸಿತು. ಆದರೆ ಅದರಲ್ಲಿ ಭಾಗವಹಿಸಿದ ಹೆಚ್ಚಿನವರು ರಕ್ತದ ಮಾತ್ರೆಯನ್ನು ಬಿಡದೆ ನುಂಗುತ್ತಿದ್ದರು ಎಂಬುದನ್ನು ಅಬ್ಲೇಶನ್ ಪರ ಭಾಷಣ ಮಾಡುವವರು ಹೇಳುವುದಿಲ್ಲ.

ಈ ಮೂರೂ ಬಣಗಳು ಜಗಳವಾಡುವುದು ಅಬ್ಲೇಶನ್ ನಡೆಯುವ ಕ್ಯಾಥ್‌ಲ್ಯಾಬಿನೊಳಗಿನ ಕೆಲವು ಗಂಟೆಗಳ ಬಗ್ಗೆ. ಆಮೇಲಿನ ವರ್ಷಗಳಿಗೆ ವಿಮರ್ಶಕರೇ ಇಲ್ಲ. ಅಡಿಲೇಡಿನಲ್ಲಿ ಪ್ರಶಾಂತನ್ ಸ್ಯಾಂಡರ್ಸ್ ತಂಡ 2014ರಲ್ಲಿ ಪ್ರಕಟಿಸಿದ ಅರೆಸ್ಟ್-ಎಎಫ್ ಅಧ್ಯಯನ, ತೂಕ, ಬಿಪಿ, ಸಕ್ಕರೆ, ನಿದ್ದೆಯಲ್ಲಿ ಉಸಿರುಕಟ್ಟುವಿಕೆ, ಕುಡಿತ ಇವುಗಳನ್ನು ಹತೋಟಿಯಲ್ಲಿಟ್ಟವರಲ್ಲಿ ಅದೇ ಅಬ್ಲೇಶನ್ ಎಷ್ಟೋ ಹೆಚ್ಚು ಕಾಲ ಬಾಳಿತೆಂದು ತೋರಿಸಿತು. ಬೆಳಗಿನ ರೈಲಿಗೆಂದು ನಸುಕಿಗೆ ಎದ್ದು ರಾತ್ರಿ ತಡವಾಗಿ ಮರಳುವ ನಮ್ಮವರಿಗೆ ನಿದ್ದೆಯ ಬಗ್ಗೆ ಕೇಳುವ ವೈದ್ಯರು ಬೇಕು. ಗೊರಕೆಯನ್ನು ತಮಾಷೆಗೆ ಬಿಡದೆ ರೋಗಲಕ್ಷಣವೆಂದು ಬರೆದುಕೊಳ್ಳುವವರು ಬೇಕು.

ಅಬ್ಲೇಶನ್ ಕೀರ್ತಿಯ ನೆರಳಲ್ಲಿ ಮರೆಯಾದವರು ಇನ್ನೂ ಇದ್ದಾರೆ. ಭಾರತೀಯ ಹೃದಯಲಯ ಸಂಘದ ಎಎಫ್ ನೋಂದಣಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳ ಮೂಲ ಕಾಯಿಲೆ ರುಮ್ಯಾಟಿಕ್ ಕವಾಟದ್ದು: ಬಾಲ್ಯದ ಗಂಟಲು ಸೋಂಕು, ಕೀಲುನೋವಿನ ಜ್ವರ, ಆಮೇಲೆ ಕಿರಿದಾದ ಮೈಟ್ರಲ್ ಕವಾಟ. ಅಂಥವರಿಗೆ ಮೊದಲ ಚಿಕಿತ್ಸೆ ಸಾಮಾನ್ಯವಾಗಿ ಕವಾಟದ್ದೇ. ಹೊಸ ರಕ್ತಮಾತ್ರೆ ಅವರಿಗೆ ಹಳೆಯ ವಾರ್ಫರಿನ್ ಬಗೆಯದಕ್ಕೆ ಸಾಟಿಯಲ್ಲ ಎಂದು 2022ರ ಇನ್ವಿಕ್ಟಸ್ ಪ್ರಯೋಗ ತೋರಿಸಿತು. ಅವರ ಜೀವ ನಿಂತಿರುವುದು ರಕ್ತ ಹೆಪ್ಪುಗಟ್ಟುವ ವೇಗ ಅಳೆಯುವ ಐಎನ್‌ಆರ್ ರಕ್ತಪರೀಕ್ಷೆಯ ಮೇಲೆ, ಸೊಪ್ಪಿನ ಪ್ರಮಾಣ ದಿನದಿನಕ್ಕೆ ಏರುಪೇರಾಗದ ಊಟದ ಮೇಲೆ. ಈ ಸಾದಾ ಕೆಲಸವನ್ನು ಹೊಗಳಿ ಬರೆದವರಿಲ್ಲ.

ಅಬ್ಲೇಶನ್ ಆದವರು ಎಂದಿಗೂ ಮಾತ್ರೆ ಬಿಡಬಾರದೆಂದು ನಾನು ಹೇಳುತ್ತಿಲ್ಲ. ಕೊರಿಯಾದ 840 ರೋಗಿಗಳ ಅಲೋನ್-ಎಎಫ್ ಪ್ರಯೋಗದಲ್ಲಿ (2025) ಮಾತ್ರೆ ನಿಲ್ಲಿಸಿದವರು ಮುಂದುವರಿಸಿದವರಿಗಿಂತ ಕ್ಷೇಮವಾಗಿಯೇ ಇದ್ದರು. ಆದರೆ ಅಲ್ಲಿ ಆರಿಸಿದ್ದು ಅಬ್ಲೇಶನ್ ಆಗಿ ಒಂದು ವರ್ಷವಾದರೂ ಮರುಕಳಿಕೆ ದಾಖಲಾಗದವರನ್ನು. ನೋಡಿ ಕಾಣದಿರುವುದು ಬೇರೆ, ನೋಡದೆಯೇ ಕಾಣದಿರುವುದು ಬೇರೆ. ವಯಸ್ಸು, ಬಿಪಿ, ಸಕ್ಕರೆ, ಹಿಂದಿನ ಲಕ್ವ ಇವುಗಳಿಂದ ಕಟ್ಟಿದ ಅಪಾಯದ ಅಂಕವೇ ಮಾತ್ರೆಯನ್ನು ನಿರ್ಧರಿಸಬೇಕು, ಫೈಲಿನ ಯಶಸ್ಸು ನಿರ್ಧರಿಸಬಾರದು.

ಡಿಸ್ಚಾರ್ಜ್ ಸಮ್ಮರಿಯಲ್ಲಿ ಇಲ್ಲದ ಒಂದು ವಾಕ್ಯ ಜೀವವನ್ನೇ ತೆಗೆಯಬಲ್ಲದು. ಅಬ್ಲೇಶನ್ ಶಾಖ ಹಿಂದಿರುವ ಅನ್ನನಾಳಕ್ಕೆ ತಾಗಿ, ವಾರಗಳ ನಂತರ ಅಲ್ಲಿ ರಂಧ್ರವಾಗುವ ತೊಡಕು ಸುಮಾರು ನಾಲ್ಕು ಸಾವಿರದಲ್ಲಿ ಒಬ್ಬರಿಗೆ ಬರುತ್ತದೆ. ಬಂದವರಲ್ಲಿ ಹೆಚ್ಚಿನವರು ಉಳಿಯುವುದಿಲ್ಲ. ಜ್ವರ, ನುಂಗಲು ನೋವು, ಎದೆನೋವು, ಲಕ್ವದ ಚಿಹ್ನೆ ಅದರ ಗುರುತು. ಆಂಡರ್ಸನ್‌ಪೇಟೆಯಲ್ಲೋ ಬಂಗಾರಪೇಟೆಯಲ್ಲೋ ಇರುವ ರೋಗಿ ಆ ಜ್ವರಕ್ಕೆ ಹತ್ತಿರದ ಕ್ಲಿನಿಕ್ಕಿಗೆ ಹೋಗುತ್ತಾನೆ. ಎಂಡೋಸ್ಕೋಪಿ ಮಾಡಬಾರದು, ತಕ್ಷಣ ಎದೆಯ ಸಿಟಿ ಮಾಡಿಸಬೇಕು ಎಂಬುದು ಆ ವೈದ್ಯರಿಗೆ ಗೊತ್ತಾಗಬೇಕಾದರೆ ರೋಗಿಯ ಕೈಯಲ್ಲಿ ಒಂದು ಹಾಳೆ ಇರಬೇಕು. ಕನ್ನಡದಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ. ನನಗೆ ಕೊಟ್ಟ ಕಾಗದಗಳಲ್ಲಿ ಅದು ಇರಲಿಲ್ಲ.

ನನ್ನ ತೀರ್ಪು ಇಷ್ಟು. ಅಬ್ಲೇಶನ್ ಒಳ್ಳೆಯ ಚಿಕಿತ್ಸೆ, ಕಾಯಿಲೆಯ ಕೊನೆಯಲ್ಲ. ಅದರ ಯಶಸ್ಸನ್ನು 30 ಸೆಕೆಂಡಿನಿಂದ ಅಳೆಯುವುದನ್ನು ಬಿಟ್ಟು, ಉಳಿದ ಎಎಫ್ ಹೊರೆ, ತಡೆದ ಲಕ್ವ, ಮರಳಿ ಬಂದ ಕಸುವು ಇವುಗಳಿಂದ ಅಳೆಯಬೇಕು. ಹೃದಯಾಘಾತಕ್ಕಾಗಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನಮ್ಮಲ್ಲಿದೆ. ಅದೇ ದಾರಿಯಲ್ಲಿ ಎಎಫ್ ರೋಗಿಗಳ ಮರುಪರೀಕ್ಷೆಯೂ ಸಾಗಬಹುದು. ರಾಬರ್ಟ್‌ಸನ್‌ಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಹೋಲ್ಟರ್, ಐಎನ್‌ಆರ್ ಪರೀಕ್ಷೆ, ನಾಡಿ ಹಿಡಿದು ನೋಡಲು ಕಲಿಸುವ ಒಬ್ಬ ನರ್ಸ್ ಇದ್ದರೆ, ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಖರ್ಚು ಮಾಡಿ ಕಟ್ಟಿದ ಬೇಲಿ ನಮ್ಮ ಊರಿನಲ್ಲೂ ನಿಲ್ಲುತ್ತದೆ. ಇದನ್ನು ಕೇಳಿ ಪಡೆಯುವುದು ರೋಗಿಗಳ ಹಕ್ಕು, ಕೊಡುವುದು ಚಿಕಿತ್ಸೆ ಮಾಡಿದವರ ಹೊಣೆ.