ಊರವರ ನೆನಪು, ಊರು ಬಿಟ್ಟವರ ಕತೆ

ಯಶವಂತ ಚಿತ್ತಾಲರು (1928–2014) ಬಾಳಿನ ಬಹುಭಾಗವನ್ನು ಮುಂಬಯಿಯಲ್ಲಿ ಕಳೆದರೂ ಅವರ ಬರವಣಿಗೆ ಉತ್ತರ ಕನ್ನಡದ ಹನೇಹಳ್ಳಿಯನ್ನು ಬಿಡಲಿಲ್ಲ. ಈ ಮಾತನ್ನು ಮುಂಬಯಿ ಕನ್ನಡಿಗರಾದ ನಾವು ಅಭಿಮಾನದಿಂದಲೇ ಹೇಳಿಕೊಳ್ಳುತ್ತೇವೆ. ಆದರೆ ಹೇಳುವಾಗ ಅದಕ್ಕೊಂದು ಸುಲಭದ ಅರ್ಥವನ್ನೂ ಅಂಟಿಸಿಬಿಡುತ್ತೇವೆ: ನಗರದ ಧಾವಂತದಲ್ಲಿ ಬಳಲಿದ ಜೀವಕ್ಕೆ ಊರಿನ ನೆನಪು ತಂಪು ಎರೆಯುತ್ತದೆ ಎಂದು. ಅವರ ಕಾದಂಬರಿಗಳನ್ನು ಮತ್ತೊಮ್ಮೆ ಓದಿದಾಗ ಈ ಅರ್ಥ ನಿಲ್ಲುವುದಿಲ್ಲವೆಂದು ನಮಗೆ ತೋರುತ್ತದೆ. ಚಿತ್ತಾಲರಲ್ಲಿ ನೆನಪು ಒಬ್ಬನ ಸ್ವಂತ ಸೊತ್ತಲ್ಲ. ಅದು ಹತ್ತು ಜನರ ಕೈಯಲ್ಲಿರುವ ಸೊತ್ತು. ಹತ್ತು ಜನರೂ ಅದರ ಮೇಲೆ ಹಕ್ಕು ಸಾಧಿಸುತ್ತಾರೆ.

‘ಮೂರು ದಾರಿಗಳು’ (1964) ಕಾದಂಬರಿಯನ್ನೇ ನೋಡಬಹುದು. ಗಿರೀಶ ಕಾಸರವಳ್ಳಿಯವರು 1981ರಲ್ಲಿ ಇದನ್ನು ಚಲನಚಿತ್ರವಾಗಿಸಿದರು. ಇಲ್ಲಿ ನಿರ್ಮಲೆಯೆಂಬ ಹುಡುಗಿಯ ಮೇಲೆ ಊರಲ್ಲಿ ಅಪವಾದವೊಂದು ಹಬ್ಬುತ್ತದೆ. ಬಾಯಿಂದ ಬಾಯಿಗೆ ಹೋದ ಮಾತು ‘ಎಲ್ಲರಿಗೂ ಗೊತ್ತಿರುವ ಸಂಗತಿ’ಯಾಗಿ ಗಟ್ಟಿಗೊಳ್ಳುತ್ತದೆ. ಮುಂದೆ ಆ ಹುಡುಗಿಯನ್ನು ಊರು ಕಾಣುವುದು ಆ ಮಾತಿನ ಮೂಲಕವೇ. ನಡೆದದ್ದಕ್ಕಿಂತ ಆಡಿಕೊಂಡದ್ದನ್ನೇ ಸಮಾಜ ಹೆಚ್ಚು ಜತನದಿಂದ ಕಾಯ್ದಿಡುತ್ತದೆ ಎಂಬ ಕಹಿಸತ್ಯ ಈ ಕೃತಿಯ ಬೆನ್ನೆಲುಬು.

ಹಾಗಾದರೆ ಊರು ಬಿಟ್ಟವನಿಗೆ ಬಿಡುಗಡೆ ಉಂಟೆ? ‘ಶಿಕಾರಿ’ (1979) ಎತ್ತುವ ಪ್ರಶ್ನೆ ಇದು. ಮುಂಬಯಿಯ ದೊಡ್ಡ ಕಂಪನಿಯೊಂದರಲ್ಲಿ ಅಧಿಕಾರಿಯಾಗಿರುವ ನಾಗಪ್ಪನನ್ನು ಕಾರಣ ತಿಳಿಸದೆ ಕೆಲಸದಿಂದ ಅಮಾನತುಗೊಳಿಸಲಾಗುತ್ತದೆ. ತನ್ನ ಬೆನ್ನಟ್ಟಿರುವವರು ಯಾರು, ಏತಕ್ಕೆ ಎಂಬ ಹುಡುಕಾಟದಲ್ಲಿ ಅವನು ತನ್ನ ಬಾಲ್ಯಕ್ಕೇ ಇಳಿಯಬೇಕಾಗುತ್ತದೆ. ಅಲ್ಲಿ ಎದುರಾಗುವವನು ಅವನನ್ನು ಊರಿನಿಂದಲೂ ಬಲ್ಲ ಶ್ರೀನಿವಾಸ. ಕಂಪನಿಯ ಮೇಲಧಿಕಾರಿಗಳಿಗೆ ನಾಗಪ್ಪನ ಕಡತ ಗೊತ್ತು; ಶ್ರೀನಿವಾಸನಿಗೆ ಅವನ ಮನೆತನವೇ ಗೊತ್ತು. ಇವೆರಡರಲ್ಲಿ ಹೆಚ್ಚು ಅಪಾಯಕಾರಿಯಾದದ್ದು ಎರಡನೆಯದು ಎಂದು ಕಾದಂಬರಿ ಹಂತಹಂತವಾಗಿ ಮನಗಾಣಿಸುತ್ತದೆ.

ಇದನ್ನು ಓದುವಾಗ ನಮ್ಮಲ್ಲಿ ಅನೇಕರಿಗೆ ಇದು ಪರಕೀಯವೆನಿಸದು. ಮುಂಬಯಿಗೆ ಬಂದವರಲ್ಲಿ ಅನ್ನ ಅರಸಿ ಬಂದವರಂತೆ ಊರಿನ ಬಾಯಿಂದ ತಪ್ಪಿಸಿಕೊಂಡು ಬಂದವರೂ ಇದ್ದರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ಹುಡುಗನಿಗೆ ಅವನ ಮನೆತನದ ಕತೆಯನ್ನು ಕೇಳದ ನಗರವೇ ದೊಡ್ಡ ಉಪಕಾರ ಮಾಡಿತ್ತು. ಚಾಳಿನ ಕೋಣೆಯಲ್ಲಿ ಹಾಸಿಗೆ ಬಿಚ್ಚಲು ಜಾಗ ಕೊಟ್ಟವರು ಊರಿನವರೇ. ‘ನೀನು ಇಂಥವರ ಮಗನಲ್ಲವೇ?’ ಎಂದು ಕೇಳಿದವರೂ ಅವರೇ. ಆಸರೆ ಮತ್ತು ಅಂಕುಶ ಎರಡೂ ಒಂದೇ ಕೈಯಿಂದ ಬಂದವು.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮೋರಿಸ್ ಹಾಲ್ಬ್‌ವಾಕ್ಸ್ 1925ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, ಮನುಷ್ಯ ನೆನಪಿಸಿಕೊಳ್ಳುವುದು ಕುಟುಂಬ, ಧರ್ಮ, ವರ್ಗ ಮುಂತಾದ ಗುಂಪುಗಳ ಚೌಕಟ್ಟಿನಲ್ಲೇ ಎಂದು ವಾದಿಸಿದ. ಸಮಾಜದ ಆಸರೆ ತಪ್ಪುವ ಕನಸಿನಲ್ಲಿ ಗತಕಾಲವು ಚೂರುಚೂರಾಗಿ ಮಾತ್ರ ಬರುತ್ತದೆ ಎಂಬುದು ಅವನ ಒಂದು ಮುಖ್ಯ ವಿಚಾರ. ‘ಶಿಕಾರಿ’ಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಕಚೇರಿಯಿಂದ ದೂರವಾದೊಡನೆ ನಾಗಪ್ಪನ ನೆನಪುಗಳೂ ಕ್ರಮ ತಪ್ಪುತ್ತವೆ. ತನ್ನ ಬಗ್ಗೆ ತನಗೇ ಅನುಮಾನ ಹುಟ್ಟುತ್ತದೆ. ಆ ತೆರವಿನಲ್ಲಿ ಇತರರು ಹೇಳುವ ಕತೆ ಬಂದು ಕೂರುತ್ತದೆ. ಆದರೆ ಗುಂಪಿನ ನೆನಪಿನೊಡನೆ ಒಬ್ಬಂಟಿ ಮನುಷ್ಯ ಹೇಗೆ ಜಗಳವಾಡುತ್ತಾನೆ ಎಂಬುದನ್ನು ತೋರಿಸಲು ಶಾಸ್ತ್ರ ಸಾಲದು, ಕಾದಂಬರಿ ಬೇಕು. ಚಿತ್ತಾಲರ ನಿಜವಾದ ಸಾಧನೆ ಇಲ್ಲಿದೆ.

ಕೃತಿಯಲ್ಲಿ ಕೊರತೆಗಳಿಲ್ಲವೆಂದಲ್ಲ. ನಾಗಪ್ಪನ ತಳಮಳ ಕೆಲವೆಡೆ ಅಗತ್ಯಕ್ಕಿಂತ ದೀರ್ಘವಾಗಿ ಓದುಗನನ್ನು ದಣಿಸುತ್ತದೆ. ಸ್ತ್ರೀಪಾತ್ರಗಳು ಬಹುಮಟ್ಟಿಗೆ ಅವನ ಮನಸ್ಸಿನ ನೆರಳುಗಳಾಗಿಯೇ ಉಳಿಯುತ್ತವೆ. ಅವರಿಗೂ ಹೇಳಲೊಂದು ನೆನಪಿದ್ದೀತೆಂಬ ಭಾವನೆ ನಮಗೆ ಉಂಟಾಗುವುದು ಕಡಿಮೆ. ಊರು ಹೆಣ್ಣಿನ ಬಗ್ಗೆ ಕಟ್ಟುವ ಕತೆಯ ಕ್ರೌರ್ಯವನ್ನು 1964ರಲ್ಲೇ ಕಂಡಿದ್ದ ಲೇಖಕರಿಂದ ನಾವು ಇನ್ನಷ್ಟನ್ನು ನಿರೀಕ್ಷಿಸಿದರೆ ತಪ್ಪಾಗಲಾರದು.

ಈ ಕೃತಿಗಳು ನಮ್ಮ ಸಂಘಸಂಸ್ಥೆಗಳಿಗೂ ಒಂದು ಪ್ರಶ್ನೆ ಹಾಕುತ್ತವೆ. ಬೆಳ್ಳಿಹಬ್ಬ, ಚಿನ್ನದ ಹಬ್ಬಗಳಿಗೆ ನಾವು ಸ್ಮರಣ ಸಂಚಿಕೆ ತರುತ್ತೇವೆ. ಅಧ್ಯಕ್ಷರ, ದಾನಿಗಳ ಭಾವಚಿತ್ರಗಳು ಅದರಲ್ಲಿ ತಪ್ಪದೆ ಇರುತ್ತವೆ. ಹದಿಮೂರರ ಪ್ರಾಯದಲ್ಲಿ ಲೋಟ ತೊಳೆಯಲು ಬಂದವರು, ಮದುವೆಯಾಗಿ ಬಂದು ಭಾಷೆ ತಿಳಿಯದ ಚಾಳಿನಲ್ಲಿ ದಿನ ನೂಕಿದ ಹೆಂಗಸರು, ಜಾತಿಯ ಕಾರಣಕ್ಕೆ ಊರವರ ಕೋಣೆಯಲ್ಲೇ ಜಾಗ ಸಿಗದವರು ಅಲ್ಲಿ ಕಾಣಿಸುವುದು ಅಪರೂಪ. ಇಲ್ಲಿಯೇ ಹುಟ್ಟಿದ ನಮ್ಮ ಮಕ್ಕಳಿಗೆ ಊರು ಗೊತ್ತಿಲ್ಲ. ನಾವು ಆರಿಸಿಕೊಟ್ಟದ್ದೇ ಅವರ ಪಾಲಿಗೆ ಪೂರ್ವೇತಿಹಾಸ. ಹೀಗಿರುವಾಗ ಆರಿಸುವವರ ಹೊಣೆ ಸಣ್ಣದಲ್ಲ.

ಮುಂದಿನ ಸಂಚಿಕೆಗಳಲ್ಲಿ ಇಂಥವರಿಗಾಗಿ ಕೆಲವು ಪುಟಗಳನ್ನಾದರೂ ಮೀಸಲಿಡೋಣ. ಅವರ ಪರವಾಗಿ ನಾವು ಬರೆಯುವುದು ಬೇಡ. ಅವರೇ ಹೇಳಲಿ, ನಾವು ಬರೆದುಕೊಳ್ಳೋಣ. ಅದರಲ್ಲಿ ನಮಗೆ ಹಿತವಾಗದ ಮಾತೂ ಬಂದೀತು. ಅದನ್ನೂ ಅಚ್ಚು ಹಾಕುವ ಧೈರ್ಯ ತೋರಿದರೆ ಚಿತ್ತಾಲರನ್ನು ನಿಜವಾಗಿ ಓದಿದಂತಾಗುತ್ತದೆ.