ಹಾಡಿನೊಳಗಿನ ಅಂಕಿತ, ಹಾಡಿನ ಹೊರಗಿನ ಹೆಸರು

ಹಾಡು ಯಾರದು ಎಂಬ ಪ್ರಶ್ನೆಗೆ ನಮ್ಮ ಪರಂಪರೆ ಹಾಡಿನೊಳಗೇ ಉತ್ತರ ಇಟ್ಟಿದೆ. ಶಿಶುನಾಳ ಶರೀಫರ (1819–1889) ಪದಗಳಲ್ಲಿ ಶಿಶುನಾಳಾಧೀಶನ ಅಂಕಿತ ಬರುತ್ತದೆ. ಉರ್ದು ಗಜಲಿನ ಮಕ್ತಾದಲ್ಲಿ ಕವಿಯ ತಖಲ್ಲುಸ್ ಇರುತ್ತದೆ. ಹಾಳೆ ಕಳೆದರೂ ಹೆಸರು ಉಳಿಯಲಿ ಎಂಬ ಉಪಾಯವಿದು. ಆದರೆ ಇದು ಕವಿಗೆ ಮಾತ್ರ ದಕ್ಕಿದ ಸೌಲಭ್ಯ. ಹಾಡಿದವರಿಗೆ, ನುಡಿಸಿದವರಿಗೆ ಅಂಕಿತವಿಲ್ಲ.

1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣಕ್ಕೆ ಕೂತ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಹೇಳಿದರು. ತಟ್ಟೆಗಳು ತಯಾರಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ದನಿ ಯಾರದೆಂದು ಅಲ್ಲಿಯವರಿಗೆ ತಿಳಿಯಬೇಕಿತ್ತು. 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಆಕೆಯ ಹೆಸರು ಇವತ್ತಿಗೂ ಆ ತಟ್ಟೆಗಳಿಂದ ಕೇಳಿಬರುತ್ತದೆ. ಪಕ್ಕದಲ್ಲಿ ಕೂತು ನುಡಿಸಿದವರ ಹೆಸರು ಆ ಘೋಷಣೆಯಲ್ಲಿಲ್ಲ.

ನೂರು ವರ್ಷ ಕಳೆದರೂ ಮೊಬೈಲಿನೊಳಗಿನ ಎಂಪಿ3 ಹಾಡಿಗೆ ಇದೇ ಗತಿ. ಪ್ರತಿ ಕಡತಕ್ಕೂ ಟ್ಯಾಗ್ ಎಂಬ ಚೀಟಿ ಇರುತ್ತದೆ. 1996ರ ಮೊದಲ ಐಡಿ3 ಚೀಟಿಯಲ್ಲಿ ಕಲಾವಿದರ ಹೆಸರಿಗೆ ಸಿಕ್ಕಿದ್ದು 30 ಬೈಟು. ಈಗಿನ ಯುಟಿಎಫ್-8 ಲೆಕ್ಕದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕು. 'ಶಿಶುನಾಳ ಶರೀಫ' ಎಂದು ಬರೆಯಲು 34 ಬೇಕು. ಒಬ್ಬ ಸಂತನೇ ಹಿಡಿಸದ ಡಬ್ಬಿಯಲ್ಲಿ ಇಬ್ಬರು ಗಾಯಕರು ಎಲ್ಲಿ ಹಿಡಿಸಿಯಾರು?

ಆಮೇಲೆ ಬಂದ ಆವೃತ್ತಿಗಳಲ್ಲಿ ಜಾಗದ ಕೊರತೆ ನೀಗಿತು. ಗಾಯಕರು, ಸಂಗೀತ ಸಂಯೋಜಕರು, ಸಾಹಿತ್ಯ ಬರೆದವರು ಎಲ್ಲರಿಗೂ ಬೇರೆ ಬೇರೆ ಮನೆಗಳಾದವು. 2000ದ ಆವೃತ್ತಿಯಲ್ಲಿ ಯಾರು ಯಾವ ವಾದ್ಯ ನುಡಿಸಿದರು ಎಂದು ಬರೆಯಲೂ ಒಂದು ಮನೆ ಇದೆ. ಹಾಗಿದ್ದೂ ನಾವು ಮಾಡುತ್ತಿರುವುದೇನು? ಶರೀಫರನ್ನು ಗಾಯಕರ ಮನೆಯಲ್ಲಿ ಕೂರಿಸುತ್ತೇವೆ. ಆ ಪದಗಳಿಗೆ ರಾಗ ಹಾಕಿ ಹಾಡಿದ ಸಿ. ಅಶ್ವತ್ಥ್ ಮಾಯವಾಗುತ್ತಾರೆ. ಕೆಲವು ಕಡತಗಳಲ್ಲಂತೂ ಹಾಡನ್ನು ಬಿಟ್ಟಿ ಹಂಚಿದ ಜಾಲತಾಣವೇ ಕಲಾವಿದ!

ಯುಗಳ ಗೀತೆಗಳ ಪಾಡು ಇನ್ನೂ ವಿಚಿತ್ರ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಎಂದು ಇಬ್ಬರ ಹೆಸರನ್ನೂ ಅಲ್ಪವಿರಾಮ ಹಾಕಿ ಒಂದೇ ಸಾಲಿನಲ್ಲಿ ಬರೆದರೆ, ಎಷ್ಟೋ ಯಂತ್ರಗಳು ಅದನ್ನು ಮೂರನೆಯ ಕಲಾವಿದನೆಂದೇ ತಿಳಿಯುತ್ತವೆ. ಜಾನಕಿಯವರನ್ನು ಹುಡುಕಿದವರಿಗೆ ಅವರ ಯುಗಳ ಗೀತೆಗಳು ಸಿಗುವುದಿಲ್ಲ. ಇಬ್ಬರನ್ನೂ ಎರಡು ಪ್ರತ್ಯೇಕ ಹೆಸರುಗಳಾಗಿ ದಾಖಲಿಸಬೇಕು, ಕಾಗುಣಿತ ಎಲ್ಲ ಕಡೆ ಒಂದೇ ಇರಬೇಕು. ಇಡೀ ಆಲ್ಬಮ್ಮಿಗೆ ಒಂದು ಸಾಮಾನ್ಯ ಹೆಸರನ್ನು ಬೇರೆಯಾಗಿ ಕೊಡಬೇಕು. ಇಲ್ಲವಾದರೆ ಒಂದೇ ಕ್ಯಾಸೆಟ್ಟು ಹತ್ತು ಚೂರಾಗಿ ಕಾಣುತ್ತದೆ.

ಸಿನಿಮಾ ಹಾಡುಗಳಿಗೆ ಹೇಗೋ ಬೇರೆ ದಾಖಲೆಗಳಿವೆ. ಗೌಡಗೆರೆ ಸೇರಿದ ನಮ್ಮ ಶಿರಾ ಸೀಮೆಯಲ್ಲಿ ಕಾಡುಗೊಲ್ಲರು ಜುಂಜಪ್ಪನ ಕಾವ್ಯ ಹಾಡುತ್ತಾರೆ. ಅಲ್ಲಿ ಗಣೆ ಊದುವವರುಂಟು, ಪದ ಹೇಳುವವರುಂಟು, ಸೊಲ್ಲು ಕೂಡಿಸುವವರುಂಟು. ಕವಿ ಯಾರೂ ಅಲ್ಲ, ಎಲ್ಲರೂ. ಇಂಥ ಹಾಡು ಫೋನಿನಲ್ಲಿ ದಾಖಲಾದಾಗ ಕಲಾವಿದರ ಜಾಗದಲ್ಲಿ 'ಜಾನಪದ' ಎಂದು ಬರೆದು ಕೈ ತೊಳೆದುಕೊಳ್ಳುತ್ತೇವೆ. ಶಾಸ್ತ್ರೀಯ ಸಂಗೀತಗಾರರ ಹೆಸರು ಬಿಟ್ಟು ಬರೀ 'ಶಾಸ್ತ್ರೀಯ' ಎಂದು ಬರೆಯುವ ಧೈರ್ಯ ನಮಗಿದೆಯೇ? ಹೆಸರು ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ಯಂತ್ರ ತೀರ್ಮಾನಿಸಲಿಲ್ಲ. ಜಾತಿ, ವರ್ಗಗಳ ಹಳೆಯ ಲೆಕ್ಕವೇ ಹೊಸ ಚೀಟಿಯಲ್ಲೂ ನಡೆದಿದೆ.

2012ರ ಕೃತಿಸ್ವಾಮ್ಯ ತಿದ್ದುಪಡಿ ಹಾಡುವವರಿಗೂ ನುಡಿಸುವವರಿಗೂ ರಾಯಧನದ ಹಕ್ಕನ್ನು ಒಪ್ಪಿತು. ಟ್ಯಾಗು ಕಾನೂನಿನ ಪತ್ರವಲ್ಲ, ನಿಜ. ಆದರೆ ಎಲ್ಲಿಯೂ ಹೆಸರಿಲ್ಲದವರು ಯಾವ ಹಕ್ಕನ್ನು ಕೇಳಿಯಾರು? ಗಣೆಯವರ ಹೆಸರಿಗೆ ಕಡತದಲ್ಲಿ ಮನೆ ಖಾಲಿ ಇದೆ. ಧ್ವನಿ ಹಿಡಿದವರು ಅಲ್ಲೇ ಅವರ ಹೆಸರು ಕೇಳಿ, ಅವರು ಹೇಳಿದಂತೆಯೇ ಬರೆದುಕೊಂಡರೆ ಸಾಕು. ಅದಕ್ಕೆ ಎರಡು ನಿಮಿಷ ಹಿಡಿಯುತ್ತದೆ.