ಹುಳು ಚಿಕಿತ್ಸೆ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ಗಾಯದಲ್ಲಿ ಹುಳು ಬಿತ್ತೆಂದರೆ ಆರೈಕೆ ತಪ್ಪಿತೆಂದೇ ನಮ್ಮ ಲೆಕ್ಕ. ಅದು ಸುಳ್ಳೂ ಅಲ್ಲ. ದನಕರುಗಳನ್ನು ಕಾಡುವ ಸ್ಕ್ರೂವರ್ಮ್ ನೊಣದ ಮರಿಹುಳುಗಳು ಜೀವಂತ ಮಾಂಸವನ್ನೇ ಕೊರೆಯುತ್ತವೆ. ಆದರೆ ಗಾಯ ಶುಚಿಮಾಡಲು ಆಸ್ಪತ್ರೆಗಳಲ್ಲಿ ಬಳಸುವ ಲುಸಿಲಿಯಾ ಸೆರಿಕಾಟಾ ಎಂಬ ಹಸಿರು ನೊಣದ ಹುಳುಗಳಿಗೆ ಬೇಕಾದದ್ದು ಸತ್ತ ಅಂಗಾಂಶ. ಹಾಗಾಗಿ ಈ ಚಿಕಿತ್ಸೆಯನ್ನು ಅಸಹ್ಯದಿಂದ ತಳ್ಳಿಹಾಕುವುದೂ ತಪ್ಪು, ಪವಾಡವೆಂದು ಹೊಗಳುವುದೂ ತಪ್ಪು.

ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕ ವಿಲಿಯಂ ಬೇರ್ ಇಬ್ಬರು ಸೈನಿಕರನ್ನು ಕಂಡರು. ತೊಡೆಮೂಳೆ ಮುರಿದು, ಹೊಟ್ಟೆಗೂ ಗಾಯವಾಗಿ, 7 ದಿನ ರಣರಂಗದಲ್ಲೇ ಬಿದ್ದಿದ್ದವರು. ಆದರೂ ಜ್ವರವಿರಲಿಲ್ಲ. ಗಾಯದ ತುಂಬ ಹರಿದಾಡುತ್ತಿದ್ದ ಹುಳುಗಳನ್ನು ತೊಳೆದರೆ ಅಡಿಯಲ್ಲಿ ಗುಲಾಬಿ ಬಣ್ಣದ ಹೊಸ ಮಾಂಸ! ಮುಂದೆ ಬಾಲ್ಟಿಮೋರ್‌ನಲ್ಲಿ ಅವರು ಮೂಳೆ ಸೋಂಕಿನ ಮಕ್ಕಳಿಗೆ ಇದನ್ನೇ ಪ್ರಯೋಗಿಸಿದರು. ಕೆಲವರಿಗೆ ಧನುರ್ವಾಯು ತಗುಲಿದಾಗ, ನೊಣದ ಮೊಟ್ಟೆಗಳನ್ನು ಸೋಂಕುಮುಕ್ತಗೊಳಿಸದೆ ಬಳಸಬಾರದೆಂಬ ಪಾಠ ಸಿಕ್ಕಿತು. ಪೆನಿಸಿಲಿನ್ ಬಂದ ಮೇಲೆ ಮೂಲೆ ಸೇರಿದ ಈ ಪದ್ಧತಿಗೆ 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು.

ಒಂದೆರಡು ಮಿಲಿಮೀಟರ್ ಉದ್ದದ ಮರಿಗಳನ್ನು ಗಾಯಕ್ಕೆ ಬಿಟ್ಟು ಬಲೆಬಟ್ಟೆ ಕಟ್ಟುತ್ತಾರೆ, ಇಲ್ಲವೇ ಸಣ್ಣ ಚೀಲದಲ್ಲಿಟ್ಟು ಹಚ್ಚುತ್ತಾರೆ. ಅವು ಉಗುಳುವ ಕಿಣ್ವಗಳು ಕೊಳೆತದ್ದನ್ನು ಕರಗಿಸುತ್ತವೆ, ಕರಗಿದ್ದನ್ನು ಹುಳುಗಳು ಹೀರುತ್ತವೆ. ಎರಡು ಮೂರು ದಿನಕ್ಕೆ ಸೆಂಟಿಮೀಟರಿನಷ್ಟು ಕೊಬ್ಬಿದ ಹುಳುಗಳನ್ನು ತೆಗೆದುಹಾಕುತ್ತಾರೆ.

ಹಾಗಾದರೆ ಫಲವೆಷ್ಟು? 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ ಕಾಲಿನ ಹುಣ್ಣಿದ್ದ 267 ರೋಗಿಗಳಿದ್ದರು. ಗಾಯಕ್ಕೆ ಹಚ್ಚುವ ಹೈಡ್ರೋಜೆಲ್ ಲೇಪಕ್ಕಿಂತ ಹುಳುಗಳು ಬೇಗ ಗಾಯ ಶುಚಿಮಾಡಿದವು. ಆದರೆ ಹುಣ್ಣು ಮಾಯಲು ಹಿಡಿದ ಕಾಲದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ, ನೋವು ಮಾತ್ರ ಹೆಚ್ಚಿತ್ತು. 2012ರ ಫ್ರಾನ್ಸಿನ ಪ್ರಯೋಗದಲ್ಲೂ 8ನೇ ದಿನ ಮುಂದಿದ್ದ ಹುಳು ಚಿಕಿತ್ಸೆ 15ನೇ ದಿನಕ್ಕೆ ಸಾಮಾನ್ಯ ಶುದ್ಧೀಕರಣಕ್ಕೆ ಸಮನಾಯಿತು.

ಇದರಿಂದ ನನಗೆ ಖಚಿತವಾಗುವುದಿಷ್ಟು: ಹುಳು ಗಾಯ ತೊಳೆಯುತ್ತದೆ, ಮಾಯಿಸುವುದಿಲ್ಲ. ಮಾಯಲು ರಕ್ತಸಂಚಾರ, ಸಕ್ಕರೆಯ ಹತೋಟಿ, ಪೌಷ್ಟಿಕ ಆಹಾರ ಬೇಕೇ ಬೇಕು. ದೊಡ್ಡ ರಕ್ತನಾಳ ತೆರೆದಿದ್ದರೆ, ರಕ್ತಸ್ರಾವದ ತೊಂದರೆಯಿದ್ದರೆ, ಸೋಂಕು ಮೈಗೆಲ್ಲ ಹರಡುತ್ತಿದ್ದರೆ ಹುಳುವನ್ನು ನಂಬಿ ಕೂರುವುದು ಅಪಾಯ. ಆದರೆ ಶಸ್ತ್ರಚಿಕಿತ್ಸೆಯ ಗಾಯ ಕೊಳೆತು, ಮತ್ತೊಮ್ಮೆ ಅರಿವಳಿಕೆ ತಾಳಲಾರದ ಹಿರಿಯರಿಗೆ, ಮಧುಮೇಹಿಗಳಿಗೆ ಇದು ನಿಜಕ್ಕೂ ಗೌರವದ ಆಯ್ಕೆ. ನೋವಿನ ಔಷಧಿಯನ್ನು ಮೊದಲೇ ಕೊಟ್ಟು, ಎಲ್ಲವನ್ನೂ ಬಿಡಿಸಿ ಹೇಳಿ, ಆ ಆಯ್ಕೆಯನ್ನು ರೋಗಿಯ ಮುಂದಿಡುವುದು ವೈದ್ಯರ ಕರ್ತವ್ಯ.